ಜರ್ಮನಿಗೆ ತೆರಳುವ ನೌಕರರು ಮತ್ತು ಅಲ್ಲಿಯ ಸಾಮಾಜಿಕ ವಿಮೆ

ವಿದೇಶಕ್ಕೆ ಸರಕನ್ನು ಕಳುಹಿಸುವಾಗ ನಮ್ಮ ವರ್ತಕರು ಬಿಲ್ಲು, ವಿಮೆ, ಸುಂಕ, ಬ್ಯಾಂಕಿನ ಕಾಗದಪತ್ರ ಎಲ್ಲವನ್ನೂ ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳುತ್ತಾರೆ. ಆದರೆ ಅದೇ ಸರಕಿನ ಹಿಂದೆ ಒಬ್ಬ ನೌಕರನನ್ನು ಕಳುಹಿಸಬೇಕಾದಾಗ ವೀಸಾ ಮತ್ತು ವಿಮಾನದ ಟಿಕೆಟ್ಟಿನ ಆಚೆಗೆ ಯೋಚಿಸುವವರು ವಿರಳ. ಪೀಣ್ಯದ ಅಥವಾ ಬೆಳಗಾವಿಯ ಘಟಕವೊಂದು ತಾನು ತಯಾರಿಸಿದ ಯಂತ್ರವನ್ನು ಜರ್ಮನಿಯ ಗ್ರಾಹಕರ ಕಾರ್ಖಾನೆಯಲ್ಲಿ ಸ್ಥಾಪಿಸಿ, ಎರಡು ವರ್ಷ ಅದರ ಉಸ್ತುವಾರಿಗೆ ತನ್ನ ತಂತ್ರಜ್ಞನನ್ನು ಅಲ್ಲಿ ಇರಿಸಿದರೆ, ಆತನ ಸಾಮಾಜಿಕ ವಿಮೆಯ ವಂತಿಗೆಯನ್ನು ಯಾವ ದೇಶಕ್ಕೆ ಕಟ್ಟಬೇಕು? ಎರಡೂ ಕಡೆ ಕಟ್ಟಬೇಕಾಗಿ ಬಂದರೆ ಗುತ್ತಿಗೆಯ ಲಾಭವೇ ಕರಗಿಹೋಗಬಹುದು. ಯಾವ ಕಡೆಯೂ ಕಟ್ಟದಿದ್ದರೆ ನೌಕರನ ಕುಟುಂಬ ನಿರಾಧಾರವಾಗಬಹುದು. ಈ ವಿಷಯದ ಸ್ಥೂಲ ಪರಿಚಯವನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಜರ್ಮನಿಯ ವ್ಯವಸ್ಥೆಯ ಸ್ವರೂಪ

ಸಾಮಾಜಿಕ ವಿಮೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿದ ಮೊದಲ ದೇಶಗಳಲ್ಲಿ ಜರ್ಮನಿ ಅಗ್ರಗಣ್ಯ. ಬಿಸ್ಮಾರ್ಕ್ ಅವರ ಅಧಿಕಾರಾವಧಿಯಲ್ಲಿ 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಅಂಗವಿಕಲತೆ ಹಾಗೂ ವೃದ್ಧಾಪ್ಯ ವಿಮೆಯ ಕಾನೂನುಗಳು ಬಂದವು. ಅನಂತರ ನಿರುದ್ಯೋಗ ವಿಮೆ ಮತ್ತು ದೀರ್ಘಕಾಲೀನ ಶುಶ್ರೂಷಾ ವಿಮೆ ಸೇರಿ ಇಂದು ಒಟ್ಟು ಐದು ಶಾಖೆಗಳಿವೆ.

ಜರ್ಮನಿಯಲ್ಲಿ ವೇತನಕ್ಕೆ ದುಡಿಯುವವರನ್ನು ಕಾನೂನು ತಾನಾಗಿಯೇ ವಿಮೆಗೆ ಒಳಪಡಿಸುತ್ತದೆ. ಅವರು ಯಾವ ದೇಶದ ಪ್ರಜೆಗಳೆಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಜರ್ಮನ್ ಕಂಪನಿಯೊಂದು ನೇರವಾಗಿ ನೇಮಿಸಿಕೊಂಡ ಕನ್ನಡಿಗ ಎಂಜಿನಿಯರಿಗೂ ದಾದಿಗೂ ಅಲ್ಲಿಯ ನೌಕರರಿಗೆ ಇರುವ ಬಾಧ್ಯತೆ ಮತ್ತು ಹಕ್ಕುಗಳೇ ಅನ್ವಯಿಸುತ್ತವೆ.

2025ರಲ್ಲಿದ್ದ ವಂತಿಗೆಯ ದರಗಳು, ಒಟ್ಟು ವೇತನದ ಶೇಕಡಾವಾರು, ಹೀಗಿವೆ:

1. ಪಿಂಚಣಿ ವಿಮೆ – ಶೇ. 18.6
2. ಆರೋಗ್ಯ ವಿಮೆ – ಶೇ. 14.6, ಇದರ ಮೇಲೆ ಆಯಾ ಆರೋಗ್ಯ ನಿಧಿಯ ಹೆಚ್ಚುವರಿ ವಂತಿಗೆ, ಸರಾಸರಿ ಶೇ. 2.5
3. ಶುಶ್ರೂಷಾ ವಿಮೆ – ಶೇ. 3.6
4. ನಿರುದ್ಯೋಗ ವಿಮೆ – ಶೇ. 2.6
5. ಅಪಘಾತ ವಿಮೆ – ಉದ್ಯಮದ ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ. ಪೂರ್ಣವಾಗಿ ಮಾಲೀಕರ ಹೊಣೆ

ಮೊದಲ ನಾಲ್ಕು ಶಾಖೆಗಳ ವಂತಿಗೆಯನ್ನು ಸಾಮಾನ್ಯವಾಗಿ ಮಾಲೀಕರೂ ನೌಕರರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಮಕ್ಕಳಿಲ್ಲದ, 23 ವರ್ಷ ಮೀರಿದ ನೌಕರರು ಶುಶ್ರೂಷಾ ವಿಮೆಗೆ ಶೇ. 0.6ರಷ್ಟು ಹೆಚ್ಚು ಕಟ್ಟಬೇಕು. ವಂತಿಗೆಗೆ ಒಳಪಡುವ ವೇತನಕ್ಕೆ ಗರಿಷ್ಠ ಮಿತಿಯೂ ಇದೆ. 2025ರಲ್ಲಿ ಪಿಂಚಣಿ ಮತ್ತು ನಿರುದ್ಯೋಗ ವಿಮೆಗೆ ಮಾಸಿಕ 8,050 ಯೂರೋ, ಆರೋಗ್ಯ ಮತ್ತು ಶುಶ್ರೂಷಾ ವಿಮೆಗೆ 5,512.50 ಯೂರೋ ಮಿತಿಯಾಗಿತ್ತು. ಈ ಮಿತಿಗಳು ಪ್ರತಿವರ್ಷ ಪರಿಷ್ಕರಣೆಗೊಳ್ಳುತ್ತವೆ.

ಮಾಸಿಕ 3,000 ಯೂರೋ ವೇತನದ ನೌಕರರೊಬ್ಬರ ಲೆಕ್ಕವನ್ನು ತೆಗೆದುಕೊಳ್ಳೋಣ. ಪಿಂಚಣಿಗೆ 558, ಆರೋಗ್ಯಕ್ಕೆ 513, ಶುಶ್ರೂಷೆಗೆ 108, ನಿರುದ್ಯೋಗ ವಿಮೆಗೆ 78, ಹೀಗೆ ತಿಂಗಳಿಗೆ ಒಟ್ಟು 1,257 ಯೂರೋ. ಇದರಲ್ಲಿ 628.50 ಯೂರೋ ನೌಕರರ ವೇತನದಿಂದ ಕಡಿತವಾಗುತ್ತದೆ. ಉಳಿದರ್ಧವನ್ನು ಮಾಲೀಕರು ಭರಿಸುತ್ತಾರೆ. ವರ್ಷಕ್ಕೆ ಎರಡೂ ಪಾಲು ಸೇರಿ 15,084 ಯೂರೋ.

ಈ ನಾಲ್ಕೂ ವಂತಿಗೆಗಳನ್ನು ನೌಕರರು ಆರಿಸಿಕೊಂಡ ಆರೋಗ್ಯ ನಿಧಿಯೇ ಒಟ್ಟಾಗಿ ವಸೂಲು ಮಾಡಿ ಸಂಬಂಧಪಟ್ಟ ಸಂಸ್ಥೆಗಳಿಗೆ ಹಂಚುತ್ತದೆ. ನಮ್ಮಲ್ಲಿ ಭವಿಷ್ಯ ನಿಧಿಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುವ ರೂಢಿಯಿದ್ದರೆ, ಅಲ್ಲಿ ಅದೇ ತಿಂಗಳ ಕೊನೆಯಿಂದ ಮೂರನೆಯ ಬ್ಯಾಂಕ್ ಕೆಲಸದ ದಿನದೊಳಗೆ ಹಣ ಸಂದಾಯವಾಗಬೇಕು.

ಕಟ್ಟಿದ ಹಣಕ್ಕೆ ದೊರೆಯುವುದೇನು?

ಆರೋಗ್ಯ ವಿಮೆಯಲ್ಲಿ ನೌಕರರೊಂದಿಗೆ ಜರ್ಮನಿಯಲ್ಲೇ ವಾಸಿಸುವ, ಸ್ವಂತ ಆದಾಯವಿಲ್ಲದ ಪತಿ ಅಥವಾ ಪತ್ನಿಗೆ ಹಾಗೂ ಮಕ್ಕಳಿಗೆ ಪ್ರತ್ಯೇಕ ವಂತಿಗೆಯಿಲ್ಲದೆ ರಕ್ಷಣೆ ದೊರೆಯುತ್ತದೆ. ಊರಿನಲ್ಲಿ ಉಳಿದ ತಂದೆತಾಯಿಗಳಿಗೆ ಇದು ಅನ್ವಯಿಸುವುದಿಲ್ಲ. ಅನಾರೋಗ್ಯದಿಂದ ಕೆಲಸಕ್ಕೆ ಬರಲಾಗದಿದ್ದರೆ ಮೊದಲ ಆರು ವಾರಗಳ ಪೂರ್ಣ ವೇತನವನ್ನು ಮಾಲೀಕರೇ ಕೊಡಬೇಕು. ಅನಂತರ ಆರೋಗ್ಯ ನಿಧಿಯು ಒಟ್ಟು ವೇತನದ ಶೇ. 70ರಷ್ಟನ್ನು, ಕೈಗೆ ಬರುವ ವೇತನದ ಶೇ. 90ನ್ನು ಮೀರದಂತೆ, ನೀಡುತ್ತದೆ. ಒಂದೇ ಕಾಯಿಲೆಗೆ ಮೂರು ವರ್ಷಗಳ ಅವಧಿಯಲ್ಲಿ ಗರಿಷ್ಠ 78 ವಾರಗಳು ಎಂಬ ಮಿತಿಯಿದೆ.

ನಿರುದ್ಯೋಗ ಭತ್ಯೆ ಪಡೆಯಲು ಹಿಂದಿನ 30 ತಿಂಗಳುಗಳಲ್ಲಿ ಕನಿಷ್ಠ 12 ತಿಂಗಳ ವಂತಿಗೆ ಸಂದಾಯವಾಗಿರಬೇಕು. ಭತ್ಯೆಯು ನಿವ್ವಳ ವೇತನದ ಶೇ. 60; ಮಕ್ಕಳಿದ್ದವರಿಗೆ ಶೇ. 67. ಅಪಘಾತ ವಿಮೆಯು ಕಾರ್ಖಾನೆಯೊಳಗಿನ ಅವಘಡಗಳಿಗೆ ಮಾತ್ರವಲ್ಲದೆ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತಗಳಿಗೂ ಅನ್ವಯಿಸುತ್ತದೆ.

ಪಿಂಚಣಿಗೆ ಕನಿಷ್ಠ ಐದು ವರ್ಷಗಳ ವಿಮಾ ಅವಧಿ ಅಗತ್ಯ. 1964ರಲ್ಲಿ ಮತ್ತು ಅನಂತರ ಜನಿಸಿದವರಿಗೆ ಸಾಮಾನ್ಯ ಪಿಂಚಣಿ ವಯಸ್ಸು 67. ನಾಲ್ಕಾರು ವರ್ಷ ಅಲ್ಲಿದ್ದು ತಾಯ್ನಾಡಿಗೆ ಮರಳುವವರಿಗೆ ತೊಡಕಾಗುವುದು ಈ ಶಾಖೆಯೇ. ಉಳಿದ ಶಾಖೆಗಳ ರಕ್ಷಣೆ ಅಲ್ಲಿರುವಾಗಲೇ ದೊರೆಯುತ್ತದೆ. ಪಿಂಚಣಿಯ ಫಲ ಮಾತ್ರ ದಶಕಗಳ ನಂತರ ಕೈಸೇರುವಂಥದು.

ಭಾರತ–ಜರ್ಮನಿ ಒಪ್ಪಂದ

ಈ ತೊಡಕನ್ನು ನಿವಾರಿಸಲು ಉಭಯ ದೇಶಗಳು 2008ರ ಅಕ್ಟೋಬರ್ 8ರಂದು ಸಹಿ ಮಾಡಿದ ಸೀಮಿತ ಒಪ್ಪಂದವು 2009ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಅದು ತಾತ್ಕಾಲಿಕ ನಿಯೋಜನೆಗೆ ಮಾತ್ರ ಸಂಬಂಧಿಸಿದ್ದು. 2011ರ ಅಕ್ಟೋಬರ್ 12ರಂದು ಸಹಿಯಾದ ಸಮಗ್ರ ಒಪ್ಪಂದವು 2017ರ ಮೇ 1ರಿಂದ ಜಾರಿಯಲ್ಲಿದೆ. ಇದರ ಪ್ರಯೋಜನಗಳು ಮುಖ್ಯವಾಗಿ ಮೂರು.

ಮೊದಲನೆಯದು, ಇಮ್ಮಡಿ ವಂತಿಗೆಯಿಂದ ವಿನಾಯಿತಿ. ಭಾರತೀಯ ಮಾಲೀಕರು ತಮ್ಮ ನೌಕರರನ್ನು ನಿಗದಿತ ಅವಧಿಗೆ ಜರ್ಮನಿಗೆ ನಿಯೋಜಿಸಿದಲ್ಲಿ ಮೊದಲ 48 ತಿಂಗಳವರೆಗೆ ಭಾರತದ ಕಾನೂನೇ ಅನ್ವಯಿಸುತ್ತದೆ. ಎರಡೂ ದೇಶಗಳ ಸಂಬಂಧಪಟ್ಟ ಸಂಸ್ಥೆಗಳ ಒಪ್ಪಿಗೆಯಿದ್ದರೆ ಅವಧಿ ವಿಸ್ತರಣೆಗೂ ಅವಕಾಶವುಂಟು.

ಎರಡನೆಯದು, ಸೇವಾವಧಿಗಳ ಒಟ್ಟುಗೂಡಿಕೆ. ಭಾರತದಲ್ಲಿ ನೌಕರರ ಪಿಂಚಣಿ ಯೋಜನೆಯಡಿ 8 ವರ್ಷ, ಜರ್ಮನಿಯಲ್ಲಿ 3 ವರ್ಷ ವಂತಿಗೆ ಕಟ್ಟಿದವರನ್ನು ಪರಿಗಣಿಸೋಣ. ನಮ್ಮ ಯೋಜನೆಗೆ 10 ವರ್ಷ ಬೇಕು. ಅಲ್ಲಿ 5 ವರ್ಷ ಬೇಕು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕಡೆ ಅರ್ಹತೆಯಿಲ್ಲ. ಒಪ್ಪಂದದಂತೆ ಎರಡನ್ನೂ ಕೂಡಿಸಿದಾಗ 11 ವರ್ಷಗಳಾಗಿ ಎರಡೂ ಕಡೆ ಅರ್ಹತೆ ಸಿದ್ಧಿಸುತ್ತದೆ. ಆದರೆ ಕೂಡಿಕೆ ಅರ್ಹತೆಗೆ ಮಾತ್ರ. ಪಿಂಚಣಿಯ ಮೊತ್ತವನ್ನು ಪ್ರತಿ ದೇಶವೂ ತನ್ನಲ್ಲಿ ಸಲ್ಲಿಸಿದ ಅವಧಿಗೆ ತಕ್ಕಂತೆ ಪ್ರತ್ಯೇಕವಾಗಿ ನೀಡುತ್ತದೆ.

ಮೂರನೆಯದು, ಪಿಂಚಣಿಯ ರವಾನೆ. ಜರ್ಮನಿಯ ಪಿಂಚಣಿಯನ್ನು ಭಾರತದಲ್ಲಿ ವಾಸಿಸುತ್ತಲೇ ಪಡೆಯಬಹುದು.

ಒಪ್ಪಂದದ ಮಿತಿಯನ್ನೂ ಅರಿಯಬೇಕು. ಅದು ಪಿಂಚಣಿಗೆ, ಮತ್ತು ನಿಯೋಜನೆಯ ಸಂದರ್ಭದಲ್ಲಿ ನಿರುದ್ಯೋಗ ವಿಮೆಗೆ ಸಂಬಂಧಿಸಿದ್ದು. ಆರೋಗ್ಯ, ಶುಶ್ರೂಷೆ ಮತ್ತು ಅಪಘಾತ ವಿಮೆಗಳು ಅದರಲ್ಲಿ ಸೇರಿಲ್ಲ. ನೈಜ ನಿಯೋಜನೆಯಾಗಿದ್ದಲ್ಲಿ ಜರ್ಮನಿಯ ಆಂತರಿಕ ಕಾನೂನೇ ಈ ಶಾಖೆಗಳಿಂದಲೂ ವಿನಾಯಿತಿ ಕೊಡುತ್ತದೆ. ವಿನಾಯಿತಿಯೆಂದರೆ ರಕ್ಷಣೆಯೂ ಇಲ್ಲವೆಂದೇ ಅರ್ಥ. ಆದ್ದರಿಂದ ವಿದೇಶದಲ್ಲಿ ಚಾಲ್ತಿಯಿರುವ ಆರೋಗ್ಯ ಮತ್ತು ಅಪಘಾತ ಪಾಲಿಸಿಗಳನ್ನು ಕಳುಹಿಸುವ ಸಂಸ್ಥೆಯೇ ಕೊಳ್ಳಬೇಕು. ಒಂದು ಶಸ್ತ್ರಚಿಕಿತ್ಸೆಯ ವೆಚ್ಚವು ವಿಮಾ ಕಂತಿನ ಹಲವು ಪಟ್ಟು ಆಗಬಹುದೆಂಬುದನ್ನು ಮರೆಯುವಂತಿಲ್ಲ.

ವ್ಯಾಪ್ತಿ ಪ್ರಮಾಣಪತ್ರ

ವಿನಾಯಿತಿಗೆ ಆಧಾರ ನೌಕರರ ಭವಿಷ್ಯ ನಿಧಿ ಸಂಘಟನೆಯು ನೀಡುವ ‘ಸರ್ಟಿಫಿಕೇಟ್ ಆಫ್ ಕವರೇಜ್’, ಅಂದರೆ ವ್ಯಾಪ್ತಿ ಪ್ರಮಾಣಪತ್ರ. ಇದಕ್ಕೆ ಸಂಘಟನೆಯ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು. ನೌಕರರು ಇಲ್ಲಿ ಭವಿಷ್ಯ ನಿಧಿಯ ಸದಸ್ಯರಾಗಿದ್ದು, ನಿಯೋಜನೆಯ ಅವಧಿಯಲ್ಲೂ ವಂತಿಗೆ ಮುಂದುವರಿಯಬೇಕು.

ಸಣ್ಣ ಘಟಕಗಳು ಎಡವುವುದು ಇಲ್ಲಿಯೇ. 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ ಕಡ್ಡಾಯವಲ್ಲ. ಆದರೆ ನೋಂದಣಿಯೇ ಇಲ್ಲದ ಸಂಸ್ಥೆಯ ನೌಕರರಿಗೆ ಪ್ರಮಾಣಪತ್ರ ದೊರೆಯದು. ವಿದೇಶಿ ಸೇವಾ ಗುತ್ತಿಗೆಯ ನಿರೀಕ್ಷೆಯಿರುವ ಇಂಥ ಘಟಕಗಳು ಸ್ವಇಚ್ಛೆಯ ನೋಂದಣಿಯ ಅವಕಾಶವನ್ನು ಮುಂಚಿತವಾಗಿ ಬಳಸಿಕೊಳ್ಳುವುದು ಲೇಸು.

ಪ್ರಮಾಣಪತ್ರವಿಲ್ಲದೆ ನೌಕರರು ತಪಾಸಣೆಗೆ ಸಿಕ್ಕಿದರೆ, ಇದು ನಿಯೋಜನೆಯೇ ಹೊರತು ಸ್ಥಳೀಯ ಉದ್ಯೋಗವಲ್ಲವೆಂದು ತೋರಿಸಿಕೊಡುವ ಹೊರೆ ನಮ್ಮ ಮೇಲೆ ಬೀಳುತ್ತದೆ. ಸ್ಥಳೀಯ ಉದ್ಯೋಗವೆಂದು ತೀರ್ಮಾನವಾದಲ್ಲಿ ಮೇಲಿನ ಉದಾಹರಣೆಯ ನೌಕರರಿಗೆ ಪಿಂಚಣಿ ಮತ್ತು ನಿರುದ್ಯೋಗ ವಿಮೆಗಳದ್ದೇ ತಿಂಗಳಿಗೆ 636 ಯೂರೋ. ಎರಡು ವರ್ಷಕ್ಕೆ 15,264 ಯೂರೋ. ಬಾಕಿಯ ಎರಡೂ ಪಾಲುಗಳಿಗೆ ಮಾಲೀಕರೇ ಹೊಣೆ. ಕಡಿತ ಮಾಡದೆ ಬಿಟ್ಟ ನೌಕರರ ಪಾಲನ್ನು ಸಾಮಾನ್ಯವಾಗಿ ಮುಂದಿನ ಮೂರು ವೇತನಗಳಿಂದ ಮಾತ್ರ ಹಿಡಿದುಕೊಳ್ಳಬಹುದು. ಉಳಿದುದು ಮಾಲೀಕರ ಕೈಯಿಂದಲೇ ಹೋಗುತ್ತದೆ.

ನಿಯೋಜನೆಯೆನಿಸಲು ನೌಕರಿಯ ಕರಾರು ಭಾರತದ ಸಂಸ್ಥೆಯೊಂದಿಗೇ ಮುಂದುವರಿಯಬೇಕು. ವೇತನದ ಹೊಣೆಯನ್ನು ಅದೇ ಸಂಸ್ಥೆ ಹೊರಬೇಕು. ಅವಧಿಯು ಮೊದಲೇ ನಿಗದಿಯಾಗಿರಬೇಕು. ಜರ್ಮನಿಯ ಗ್ರಾಹಕರು ಅಥವಾ ಅಂಗಸಂಸ್ಥೆಯು ನೌಕರರೊಂದಿಗೆ ಹೊಸ ಕರಾರು ಮಾಡಿಕೊಂಡು ವೇತನ ನೀಡತೊಡಗಿದರೆ ಅದು ಸ್ಥಳೀಯ ಉದ್ಯೋಗವಾಗುತ್ತದೆ. ಈ ಪ್ರಮಾಣಪತ್ರಕ್ಕೂ ಆದಾಯ ತೆರಿಗೆ, ವೀಸಾ, ಅಲ್ಲಿಯ ಕನಿಷ್ಠ ವೇತನದ ನಿಯಮಗಳಿಗೂ ಸಂಬಂಧವಿಲ್ಲ. ಅವುಗಳನ್ನು ಪ್ರತ್ಯೇಕವಾಗಿಯೇ ಪಾಲಿಸಬೇಕು.

ಹಣ ವಾಪಸು ಪಡೆಯಬೇಕೇ, ಪಿಂಚಣಿಗೆ ಕಾಯಬೇಕೇ?

ನೇರ ನೇಮಕಾತಿಯ ಮೇಲೆ ಹೋಗಿ ಮರಳಿದವರು ಕೇಳುವ ಪ್ರಶ್ನೆಯಿದು. ಕಡ್ಡಾಯ ವಿಮೆಯಿಂದ ಹೊರಬಂದು 24 ತಿಂಗಳು ಕಳೆದ ಮೇಲೆ, ಐರೋಪ್ಯ ಒಕ್ಕೂಟದ ಹೊರಗೆ ವಾಸಿಸುವ ಹಾಗೂ ಅಲ್ಲಿಯ ಸ್ವಇಚ್ಛೆಯ ವಿಮೆಗೆ ಅರ್ಹತೆಯಿಲ್ಲದ ವಿದೇಶಿಯರು ಪಿಂಚಣಿ ವಂತಿಗೆಯ ವಾಪಸಾತಿಗೆ ಅರ್ಜಿ ಹಾಕಬಹುದು. ಆದರೆ ಮರಳುವುದು ನೌಕರರ ಪಾಲು ಮಾತ್ರ, ಅದೂ ಬಡ್ಡಿಯಿಲ್ಲದೆ. ಹಣ ಪಡೆದ ಕ್ಷಣದಿಂದ ಆ ಅವಧಿಯ ಹಕ್ಕುಗಳೆಲ್ಲ ನಶಿಸುತ್ತವೆ. ಒಪ್ಪಂದದ ಒಟ್ಟುಗೂಡಿಕೆಗೂ ಆ ಅವಧಿ ಒದಗುವುದಿಲ್ಲ.

ಮಾಸಿಕ 3,000 ಯೂರೋ ವೇತನದಲ್ಲಿ ಮೂರು ವರ್ಷ ದುಡಿದವರ ಸ್ವಂತ ಪಾಲು 10,044 ಯೂರೋ. ಇದನ್ನು ಹಿಂಪಡೆಯದೆ ಬಿಟ್ಟರೆ ಪಿಂಚಣಿ ಎಷ್ಟು? ಜರ್ಮನಿಯಲ್ಲಿ ಪಿಂಚಣಿಯ ಲೆಕ್ಕವು ಅಂಕಗಳ ಆಧಾರದ ಮೇಲಿದೆ. ದೇಶದ ಸರಾಸರಿ ವೇತನದಷ್ಟು ಒಂದು ವರ್ಷ ಗಳಿಸಿದವರಿಗೆ ಒಂದು ಅಂಕ. 2025ರ ತಾತ್ಕಾಲಿಕ ಸರಾಸರಿ ವೇತನ 50,493 ಯೂರೋ. ಅದೇ ಸರಾಸರಿಯನ್ನು ಮೂರು ವರ್ಷಕ್ಕೂ ಹಿಡಿದರೆ, ವರ್ಷಕ್ಕೆ 36,000 ಗಳಿಸಿದವರಿಗೆ ಸುಮಾರು 2.14 ಅಂಕಗಳು ಸಂದಾಯವಾಗುತ್ತವೆ. 2025ರ ಜುಲೈ 1ರಂದು ನಿಗದಿಯಾದ ಅಂಕದ ಮೌಲ್ಯ 40.79 ಯೂರೋ. ಆ ದರದಲ್ಲಿ ತಿಂಗಳಿಗೆ ಸುಮಾರು 87 ಯೂರೋ ಜೀವನಪರ್ಯಂತ ದೊರೆಯಬೇಕು. ಹತ್ತು ವರ್ಷ ಪಿಂಚಣಿ ಪಡೆಯುವಷ್ಟರಲ್ಲಿ ವಾಪಸಾತಿಯ ಮೊತ್ತವನ್ನು ಅದು ದಾಟುತ್ತದೆ. ಅಂಕದ ಮೌಲ್ಯವೂ ವೇತನಗಳ ಏರಿಕೆಯನ್ನು ಅನುಸರಿಸಿ ಪರಿಷ್ಕರಣೆಗೊಳ್ಳುತ್ತದೆ.

ಹಾಗೆಂದು ಎಲ್ಲರೂ ಕಾಯಬೇಕೆಂದೇನಿಲ್ಲ. ಮೂವತ್ತರ ಹರೆಯದಲ್ಲಿ ಮರಳಿ ಸ್ವಂತ ಉದ್ಯಮ ಆರಂಭಿಸುವವರಿಗೆ ಇಂದಿನ ಬಂಡವಾಳವೇ ಹೆಚ್ಚು ಉಪಯುಕ್ತವಾಗಬಹುದು. ಐವತ್ತರ ಆಸುಪಾಸಿನವರಿಗೆ, ಇಲ್ಲಿಯ ಪಿಂಚಣಿ ಅರ್ಹತೆಗೆ ಒಂದೆರಡು ವರ್ಷ ಕೊರತೆಯಿರುವವರಿಗೆ, ಆ ಅವಧಿಯನ್ನು ಉಳಿಸಿಕೊಳ್ಳುವುದೇ ಮೇಲು. ಮರಳಿದ ಕೂಡಲೇ ಆತುರದಿಂದ ನಿರ್ಧರಿಸುವ ಅಗತ್ಯವಿಲ್ಲ. 24 ತಿಂಗಳು ಕಾನೂನೇ ಕಾಯಿಸುತ್ತದೆ.

ಜರ್ಮನ್ ತಂತ್ರಜ್ಞರು ನಮ್ಮಲ್ಲಿಗೆ ಬಂದಾಗ

ತಮ್ಮ ದೇಶದ ಪ್ರಮಾಣಪತ್ರದೊಂದಿಗೆ ನಿಯೋಜಿತರಾಗಿ ಬಂದ ಜರ್ಮನ್ನರಿಗೆ ಇಲ್ಲಿ ಭವಿಷ್ಯ ನಿಧಿಯ ಬಾಧ್ಯತೆಯಿಲ್ಲ. ಪ್ರಮಾಣಪತ್ರವಿಲ್ಲದ ವಿದೇಶಿ ನೌಕರರನ್ನು, ಸಂಸ್ಥೆಯು ಭವಿಷ್ಯ ನಿಧಿಯ ವ್ಯಾಪ್ತಿಯಲ್ಲಿದ್ದರೆ, 2008ರ ಅಕ್ಟೋಬರಿನಿಂದ ‘ಅಂತರರಾಷ್ಟ್ರೀಯ ಕಾರ್ಮಿಕ’ರೆಂದು ಪರಿಗಣಿಸಿ, ವೇತನ ಮಿತಿಯಿಲ್ಲದೆ ಪೂರ್ಣ ವೇತನದ ಮೇಲೆ ವಂತಿಗೆ ವಿಧಿಸುವ ನಿಯಮ ಬಂದಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್ 25ರಂದು ಈ ವಿಶೇಷ ನಿಯಮವನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ ಅದನ್ನೇ ಎತ್ತಿಹಿಡಿಯಿತು. ಸಾಮಾಜಿಕ ಭದ್ರತಾ ಸಂಹಿತೆ, 2020 ಸಹ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆದಕಾರಣ ವಿದೇಶಿಯರನ್ನು ನೇಮಿಸಿಕೊಂಡಿರುವ ಸದಸ್ಯರು ಈ ವಿಷಯದಲ್ಲಿ ಕಾನೂನು ಸಲಹೆ ಪಡೆಯದೆ ವಂತಿಗೆಯನ್ನು ನಿಲ್ಲಿಸಬಾರದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ದರಪಟ್ಟಿ ಸಲ್ಲಿಸುವ ಮೊದಲೇ ನಿಯೋಜನೆಯ ಅವಧಿ ಮತ್ತು ವಿಮಾ ವೆಚ್ಚವನ್ನು ಲೆಕ್ಕ ಹಾಕಬೇಕು.
2. ವ್ಯಾಪ್ತಿ ಪ್ರಮಾಣಪತ್ರವು ಪ್ರಯಾಣಕ್ಕೆ ಮುಂಚೆಯೇ ಕೈಸೇರುವಂತೆ ಅರ್ಜಿ ಸಲ್ಲಿಸಬೇಕು. ಅದರ ಪ್ರತಿ ನೌಕರರ ಬಳಿ ಸದಾ ಇರಬೇಕು.
3. ನಿಯೋಜನಾ ಪತ್ರದಲ್ಲಿ ಅವಧಿ, ವೇತನದ ಹೊಣೆ ಮತ್ತು ಹಿಂತಿರುಗುವ ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸಬೇಕು.
4. ಆರೋಗ್ಯ ಮತ್ತು ಅಪಘಾತ ಪಾಲಿಸಿಗಳು ನಿಯೋಜನೆಯ ಪೂರ್ಣ ಅವಧಿಗೆ ಚಾಲ್ತಿಯಲ್ಲಿರಬೇಕು.
5. ನೇರ ನೇಮಕಾತಿಯ ಮೇಲೆ ಹೋಗುವವರು ತಮ್ಮ ಜರ್ಮನ್ ಸಾಮಾಜಿಕ ವಿಮಾ ಸಂಖ್ಯೆ, ವೇತನ ಚೀಟಿ ಮತ್ತು ವಾರ್ಷಿಕ ವಿಮಾ ವಿವರಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡು, ಕುಟುಂಬದವರಿಗೂ ತಿಳಿಸಿರಬೇಕು.

ಇಂಥ ಒಪ್ಪಂದ ಎಲ್ಲ ದೇಶಗಳೊಂದಿಗೂ ಇಲ್ಲ. ಫ್ರಾನ್ಸ್, ಬೆಲ್ಜಿಯಂ, ನೆದರ್‌ಲೆಂಡ್ಸ್, ಜಪಾನ್, ದಕ್ಷಿಣ ಕೊರಿಯಾ, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳೊಂದಿಗೆ ಇದ್ದು, ವಿನಾಯಿತಿಯ ಅವಧಿ ದೇಶದಿಂದ ದೇಶಕ್ಕೆ ಭಿನ್ನವಾಗಿದೆ. ಜರ್ಮನಿಯ ನಿಯಮವನ್ನೇ ಬೇರೆಡೆಗೂ ಅನ್ವಯಿಸದೆ, ಪ್ರತಿ ನಿಯೋಜನೆಗೂ ಆಯಾ ದೇಶದ ಒಪ್ಪಂದವನ್ನು ಪರಿಶೀಲಿಸಿಯೇ ಮುಂದುವರಿಯುವುದು ಸೂಕ್ತ.