ಹದಿನೇಳರ ಹುಡುಗನಿಗೆ ಎಷ್ಟು ನಕ್ಷತ್ರ?

ಅಮೆರಿಕದ ಒಂದು ಪ್ರೌಢಶಾಲೆ. ಮೇಜಿನ ಮೇಲೆ ಸಾಲಾಗಿ ಮೂರು ನಾಲ್ಕು ಟೋಪಿಗಳು. ಒಂದೊಂದರ ಮೇಲೂ ಒಂದೊಂದು ವಿಶ್ವವಿದ್ಯಾಲಯದ ಲಾಂಛನ. ಮೇಜಿನ ಹಿಂದೆ ಹದಿನೇಳು-ಹದಿನೆಂಟರ ಹುಡುಗ, ಅಕ್ಕಪಕ್ಕದಲ್ಲಿ ತಂದೆ ತಾಯಿ, ಎದುರಿಗೆ ಸಹಪಾಠಿಗಳು ಮತ್ತು ಕ್ಯಾಮೆರಾಗಳು. ಹುಡುಗ ಕೈ ಚಾಚಿ ಒಂದು ಟೋಪಿಯನ್ನು ಎತ್ತಿ ತಲೆಗೆ ಹಾಕಿಕೊಳ್ಳುತ್ತಾನೆ. ಅಷ್ಟೇ! ಆ ಟೋಪಿಯ ಊರಿನಲ್ಲಿ ಹಬ್ಬ. ಉಳಿದ ಟೋಪಿಗಳ ಊರುಗಳಲ್ಲಿ ನಿಟ್ಟುಸಿರು.

ಆ ಹುಡುಗ ಕಾಲೇಜು ಫುಟ್‌ಬಾಲ್ ಆಟಗಾರ. ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಆಗಿದ್ದರಂತೂ ಮುಗಿಯಿತು. ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಆತನ ಎತ್ತರ, ತೂಕ, ತೋಳಿನ ಬಲ, ಓಟದ ವೇಗ ಎಲ್ಲವೂ ಕ್ಷೌರದಂಗಡಿಯಿಂದ ರೇಡಿಯೋ ಚರ್ಚೆಯವರೆಗೆ ಸಾರ್ವಜನಿಕ ಸ್ವತ್ತು. ‘ಇವನು ನಮ್ಮನ್ನು ಚಾಂಪಿಯನ್ ಮಾಡುತ್ತಾನೆ’ ಎಂದು ಒಬ್ಬ, ‘ಇವನ ಕೈಲಾಗದು’ ಎಂದು ಇನ್ನೊಬ್ಬ. ಇಬ್ಬರೂ ಆ ಹುಡುಗನನ್ನು ಮುಖತಃ ಕಂಡವರಲ್ಲ!

ಹದಿನೇಳರ ವಯಸ್ಸಿನಲ್ಲಿ ಹೀಗೆ ತೂಗಿ ಬೆಲೆ ಕಟ್ಟಿದ್ದು ಎಷ್ಟರಮಟ್ಟಿಗೆ ನಿಜವಾಗುತ್ತದೆ? ಈ ಪ್ರಶ್ನೆ ಆಟದ ಮೈದಾನಕ್ಕೆ ಮಾತ್ರ ಸೇರಿದ್ದಲ್ಲ. ಆದರೂ ಮೊದಲು ಮೈದಾನಕ್ಕೇ ಹೋಗೋಣ.

ಇದು ನಮ್ಮ ಫುಟ್‌ಬಾಲ್ ಅಲ್ಲ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪಾಗಿರುತ್ತದೆ. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಒಂದು ಕಡೆ 11 ಜನ. ಎರಡು ಗೋಲು ಗೆರೆಗಳ ನಡುವೆ 100 ಗಜದ ಮೈದಾನ. ನಾಲ್ಕು ಯತ್ನಗಳಲ್ಲಿ ಕನಿಷ್ಠ 10 ಗಜ ಮುನ್ನಡೆಯಬೇಕು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು.

ಪ್ರತಿ ಯತ್ನದಲ್ಲೂ ಸಾಮಾನ್ಯವಾಗಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಓಡುವವನ ಕೈಗೆ ಕೊಡಬೇಕೇ, ದೂರದವನಿಗೆ ಎಸೆಯಬೇಕೇ, ತಾನೇ ಓಡಬೇಕೇ ಎಂಬುದನ್ನು ಆತ ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರು ಕಿಲೋ ಮೀರಿದ ಆಳುಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ.

ಇಲ್ಲೊಂದು ಸಣ್ಣ ಲೆಕ್ಕ. ಎಸೆದ ಚೆಂಡು ಸೆಕೆಂಡಿಗೆ ಸುಮಾರು 22 ಮೀಟರ್ ವೇಗದಲ್ಲಿ ಹೋಗುತ್ತದೆ ಎಂದುಕೊಳ್ಳಿ. 18 ಮೀಟರ್ ದೂರ ತಲುಪಲು 0.8 ಸೆಕೆಂಡು ಬೇಕು. ಚೆಂಡು ಹಿಡಿಯಬೇಕಾದವನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಅಡ್ಡಲಾಗಿ ಓಡುತ್ತಿದ್ದರೆ ಅಷ್ಟರಲ್ಲಿ ಆರು ಮೀಟರಿಗೂ ಹೆಚ್ಚು ಸರಿದಿರುತ್ತಾನೆ. ಅಂದರೆ ಚೆಂಡನ್ನು ಎಸೆಯಬೇಕಾದ್ದು ಆತ ಇರುವ ಜಾಗಕ್ಕಲ್ಲ, ಇನ್ನೂ ತಲುಪದ ಜಾಗಕ್ಕೆ! ತೋಳಿನ ಬಲವನ್ನು ಅಳೆಯಬಹುದು. ಆದರೆ ಈ ಮುಂಗಾಣ್ಕೆಯನ್ನು ಅಳೆಯುವ ಮಾಪಕ ಎಲ್ಲಿದೆ?

ನಕ್ಷತ್ರಗಳ ಲೆಕ್ಕ

ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮ ಅಂತರ ಕಾಲೇಜು ಪಂದ್ಯಾವಳಿಯಂತಲ್ಲ. ಆನ್ ಆರ್ಬರ್ ಎಂಬ ಊರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ 1,07,601 ಆಸನಗಳಿವೆ. ಅಪ್ಪ ಓದಿದ ಕಾಲೇಜು, ಮಗಳು ಓದುತ್ತಿರುವ ಕಾಲೇಜು ಎಂಬ ಅಭಿಮಾನ ಮನೆತನದ ಹೆಸರಿನಂತೆ ಮುಂದುವರಿಯುತ್ತದೆ. ಆಟಗಾರರು ಕೆಲವೇ ವರ್ಷಗಳಲ್ಲಿ ಓದು ಮುಗಿಸಿ ಹೊರಟುಹೋಗುತ್ತಾರೆ. ಆದ್ದರಿಂದ ಪ್ರತಿವರ್ಷ ಹೊಸಬರು ಬೇಕು. ಹೊಸಬರ ಮೇಲೆಯೇ ಅಭಿಮಾನಿಗಳ ಕಣ್ಣು.

ಹೊಸಬರು ಒಪ್ಪಂದಕ್ಕೆ ಸಹಿ ಹಾಕುವ ದಿನ ಬಹುಕಾಲ ಫೆಬ್ರುವರಿಯ ಮೊದಲ ಬುಧವಾರವಾಗಿತ್ತು. 2017ರಿಂದ ಡಿಸೆಂಬರ್‌ನಲ್ಲೇ ಸಹಿ ಹಾಕುವ ಅವಕಾಶವೂ ಬಂದಿತು. ಅದಕ್ಕೂ ಮುಂಚೆ, ಪ್ರೌಢಶಾಲೆಯ ಹುಡುಗರನ್ನು ಅಳೆದು ದರ್ಜೆ ಕೊಡುವ ಸಂಸ್ಥೆಗಳು ಕೆಲಸ ಮುಗಿಸಿರುತ್ತವೆ. ಅತ್ಯುತ್ತಮರಿಗೆ ಐದು ನಕ್ಷತ್ರ, ನಂತರದವರಿಗೆ ನಾಲ್ಕು, ಮೂರು, ಹೀಗೆ. ಇಡೀ ದೇಶದಲ್ಲಿ ಐದು ನಕ್ಷತ್ರ ಸಿಗುವುದು ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗೆ ಮಾತ್ರ.

ಅಭಿಮಾನಿಗಳು ಇದರ ಜೊತೆಗೆ ಹುಡುಗನ ಆಟದ ಚಿತ್ರಸುರುಳಿಯನ್ನೂ ನೋಡುತ್ತಾರೆ. ಆದರೆ ಆ ಚಿತ್ರದಲ್ಲಿರುವುದು ಗುರಿ ಮುಟ್ಟಿದ ಎಸೆತಗಳು ಮಾತ್ರ. ತಪ್ಪಿದವುಗಳನ್ನು ಕತ್ತರಿಸಿ ತೆಗೆದಿರುತ್ತಾರೆ. ಪ್ರಯೋಗಾಲಯದಲ್ಲಿ ಹತ್ತು ಸಲ ಮಾಡಿದ ಪ್ರಯೋಗದಲ್ಲಿ ಸರಿಬಂದ ಮೂರನ್ನು ಮಾತ್ರ ಪುಸ್ತಕದಲ್ಲಿ ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುತ್ತೇವೆಯೇ? ಇನ್ನೊಂದು ತೊಡಕೂ ಉಂಟು. ಎದುರಾಳಿ ಶಾಲೆ ದುರ್ಬಲವಾಗಿದ್ದರೆ ಸಾಧಾರಣ ಎಸೆತವೂ ಅದ್ಭುತವಾಗಿ ಕಾಣುತ್ತದೆ.

ಇಬ್ಬರು ಹುಡುಗರು, ಒಂದೇ ಜಾಗ

1998ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಡ್ರೂ ಹೆನ್ಸನ್ ಎಂಬ ಕ್ವಾರ್ಟರ್‌ಬ್ಯಾಕ್ ಬಂದ. ಅದೇ ರಾಜ್ಯದ ಬ್ರೈಟನ್ ಊರಿನವನು. ಎತ್ತರದ ಆಳು, ಬಲವಾದ ತೋಳು. ಬೇಸ್‌ಬಾಲ್‌ನಲ್ಲಿಯೂ ಎಷ್ಟು ನಿಪುಣನೆಂದರೆ ನ್ಯೂಯಾರ್ಕ್ ಯಾಂಕೀಸ್ ಎಂಬ ಪ್ರಸಿದ್ಧ ತಂಡ ಆ ವರ್ಷವೇ ಅವನನ್ನು ಆರಿಸಿಕೊಂಡಿತ್ತು. ನಮ್ಮೂರ ಹುಡುಗ, ಅದೂ ಇಂಥ ಪ್ರತಿಭೆ! ಅಭಿಮಾನಿಗಳಿಗೆ ಇನ್ನೇನು ಬೇಕು?

ಆದರೆ ಆ ಜಾಗದಲ್ಲಿ ಆಗಲೇ ಒಬ್ಬನಿದ್ದ. 1995ರಲ್ಲಿ ದೂರದ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊದಿಂದ ಬಂದ ತೆಳ್ಳನೆಯ ಹುಡುಗ. ಬಂದಾಗ ಸರದಿಯಲ್ಲಿ ಅವನ ಸ್ಥಾನ ಏಳನೆಯದು. 1997ರಲ್ಲಿ ಬ್ರಯನ್ ಗ್ರೀಸಿ ಮಿಷಿಗನ್ ತಂಡವನ್ನು ಒಂದೂ ಸೋಲಿಲ್ಲದೆ ಮುನ್ನಡೆಸಿದಾಗ ಈತ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಬೇಸರದಿಂದ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುಹೋಗುವ ಯೋಚನೆಯನ್ನೂ ಮಾಡಿದ್ದ. ಆಗ ಅವನಿಗೆ ನೆರವಾದವರು ಆಟಗಾರರ ಆಪ್ತ ಸಲಹೆಗಾರರಾಗಿದ್ದ ಗ್ರೆಗ್ ಹಾರ್ಡನ್. ಅಭ್ಯಾಸದಲ್ಲಿ ತನಗೆ ಸಿಗುವುದೇ ಎರಡು ಮೂರು ಸರದಿ ಎಂದು ಹುಡುಗ ಗೊಣಗಿದರೆ, ಸಿಕ್ಕ ಆ ಎರಡನ್ನೇ ಚೊಕ್ಕವಾಗಿ ಮಾಡು ಎಂಬುದು ಅವರ ಬುದ್ಧಿಮಾತು. ಎರಡು ನಾಲ್ಕಾಯಿತು, ನಾಲ್ಕು ಹತ್ತಾಯಿತು. ಆ ಹುಡುಗನ ಹೆಸರು ಟಾಮ್ ಬ್ರೇಡಿ.

1998ರ ಋತುವಿನ ಮೊದಲ ಎರಡು ಪಂದ್ಯಗಳಲ್ಲಿ ಬ್ರೇಡಿಯ ಮಿಷಿಗನ್ ಸೋತಿತು. ಹೆನ್ಸನ್‌ನನ್ನು ಇಳಿಸಿ ಎಂಬ ಕೂಗಿಗೆ ಬಲ ಬಂತು. ತರಬೇತುದಾರ ಲಾಯ್ಡ್ ಕಾರ್ 1999ರಲ್ಲಿ ವಿಚಿತ್ರ ಪರಿಹಾರವೊಂದನ್ನು ಕಂಡುಕೊಂಡರು. ಪಂದ್ಯದ ಮೊದಲ ಕಾಲುಭಾಗ ಬ್ರೇಡಿಗೆ, ಎರಡನೆಯ ಕಾಲುಭಾಗ ಹೆನ್ಸನ್‌ಗೆ. ಇಬ್ಬರಲ್ಲಿ ಚೆನ್ನಾಗಿ ಆಡಿದವನಿಗೆ ಉಳಿದರ್ಧ! ಪ್ರತಿ ಶನಿವಾರ ಲಕ್ಷ ಜನರ ಮುಂದೆ ಪರೀಕ್ಷೆ. ಋತುವಿನ ಅರ್ಧ ದಾಟುವ ಹೊತ್ತಿಗೆ ಜಾಗ ಬ್ರೇಡಿಯದೇ ಆಯಿತು. 2000ದ ಜನವರಿ 1ರಂದು ಆರೆಂಜ್ ಬೌಲ್ ಪಂದ್ಯದಲ್ಲಿ ಮಿಷಿಗನ್ ಎರಡು ಬಾರಿ 14 ಅಂಕ ಹಿಂದೆ ಬಿದ್ದಿತು. ಬ್ರೇಡಿ 369 ಗಜಗಳಷ್ಟು ಎಸೆದು ತಂಡವನ್ನು ಮೇಲೆತ್ತಿದ. ಹೆಚ್ಚುವರಿ ಆಟದಲ್ಲಿ ಅಲಬಾಮಾ ತಂಡ 35-34ರಿಂದ ಸೋತಿತು.

ಇಷ್ಟಾದರೂ ತಜ್ಞರ ಅನುಮಾನ ಹೋಗಲಿಲ್ಲ. ಅದೇ ವರ್ಷ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವಾಗ ಬ್ರೇಡಿಗೆ ಸಿಕ್ಕಿದ್ದು 199ನೆಯ ಸ್ಥಾನ. ಅವನಿಗಿಂತ ಮುಂಚೆ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಕರೆದಾಗಿತ್ತು. 40 ಗಜ ಓಡಲು ಆತ 5.28 ಸೆಕೆಂಡು ತೆಗೆದುಕೊಂಡಿದ್ದ. ಆ ಆಟದ ಮಟ್ಟಿಗೆ ಅದು ಆಮೆಯ ನಡಿಗೆ. ಮುಂದಿನದು ಇತಿಹಾಸ. 2002ರಿಂದ 2021ರವರೆಗೆ ಏಳು ಸೂಪರ್ ಬೌಲ್ ಗೆಲುವುಗಳು, ಕೊನೆಯದು 43ರ ವಯಸ್ಸಿನಲ್ಲಿ.

ಹೆನ್ಸನ್ ಏನಾದ? 2000ದಲ್ಲಿ ತನ್ನ ಸರದಿ ಬಂದಾಗ ಮಿಷಿಗನ್‌ಗೆ ಚೆನ್ನಾಗಿಯೇ ಆಡಿದ. ಮರುವರ್ಷ ದೊಡ್ಡ ಮೊತ್ತಕ್ಕೆ ಯಾಂಕೀಸ್ ಒಪ್ಪಂದಕ್ಕೆ ಸಹಿ ಹಾಕಿ ಬೇಸ್‌ಬಾಲ್‌ಗೆ ಹೋದ. ಅಲ್ಲಿ ಅಗ್ರ ಮಟ್ಟದಲ್ಲಿ ಆಡಿದ್ದು ಎಂಟು ಪಂದ್ಯ ಮಾತ್ರ. 2004ರಲ್ಲಿ ಫುಟ್‌ಬಾಲ್‌ಗೆ ಮರಳಿದ. ವೃತ್ತಿಪರ ಪಂದ್ಯವೊಂದನ್ನು ಕ್ವಾರ್ಟರ್‌ಬ್ಯಾಕ್ ಆಗಿ ಆರಂಭಿಸುವ ಅವಕಾಶ ಅವನಿಗೆ ದೊರೆತದ್ದು ಒಂದೇ ಒಂದು ಸಲ. ಅವನ ತೋಳಿನ ಬಗ್ಗೆ ಅಭಿಮಾನಿಗಳು ಹೇಳಿದ್ದು ಸುಳ್ಳಾಗಿರಲಿಲ್ಲ. ತೋಳಿನಿಂದ ಬದುಕನ್ನು ಊಹಿಸಿದ್ದೇ ತಪ್ಪಾಗಿತ್ತು.

ಹಾಗಾದರೆ ಅಳತೆಯೇ ವ್ಯರ್ಥವೇ?

ಅಲ್ಲ. ಹಾಗೆಂದು ತೀರ್ಮಾನಿಸಿದರೆ ಅದೂ ಅವಸರದ ಮಾತೇ. ಐದು ನಕ್ಷತ್ರದ ಟ್ರೆವರ್ ಲಾರೆನ್ಸ್ 2018ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯಕ್ಕೆ ಸೇರಿದ. ಮೊದಲ ವರ್ಷದಲ್ಲೇ, 2019ರ ಜನವರಿಯಲ್ಲಿ, ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ. ಅಭಿಮಾನಿಗಳ ಊಹೆ ಅಕ್ಷರಶಃ ನಿಜವಾಯಿತು. ಒಟ್ಟಾರೆ ನೋಡಿದರೆ ಹೆಚ್ಚು ನಕ್ಷತ್ರ ಪಡೆದವರ ಗುಂಪೇ ಹೆಚ್ಚು ಪ್ರಮಾಣದಲ್ಲಿ ಯಶಸ್ವಿಯಾಗುತ್ತದೆ.

ಹಾಗಿದ್ದರೆ ಬ್ರೇಡಿಯಂಥವರು ಹೇಗೆ ಹುಟ್ಟಿಕೊಳ್ಳುತ್ತಾರೆ? ಉತ್ತರ ಗಣಿತದಲ್ಲಿದೆ. ಲೆಕ್ಕಕ್ಕಾಗಿ ಕೆಲವು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಐದು ನಕ್ಷತ್ರದವರು 30 ಜನ. ಅವರಲ್ಲಿ ಅರ್ಧದಷ್ಟು, ಅಂದರೆ 15 ಜನ, ಎತ್ತರಕ್ಕೇರಿದರು ಎನ್ನಿ. ಮೂರು ನಕ್ಷತ್ರದವರು 1,500 ಜನ. ಅವರಲ್ಲಿ ನೂರಕ್ಕೆ ಮೂವರು ಮಾತ್ರ ಏರಿದರು ಎನ್ನಿ. ಆದರೂ ಸಂಖ್ಯೆ 45 ಆಯಿತು! ಶಿಖರದ ಮೇಲೆ ನಿಂತು ಎಣಿಸಿದರೆ ನಕ್ಷತ್ರ ಕಡಿಮೆಯಿದ್ದವರೇ ಮೂರು ಪಟ್ಟು. ಗುಂಪಿನ ಬಗ್ಗೆ ಸರಿಯಾದ ಅಳತೆಯೂ ಒಬ್ಬ ಹುಡುಗನ ಬಗ್ಗೆ ತಪ್ಪಬಹುದು ಎಂಬುದರ ಅರ್ಥ ಇದೇ.

ಇನ್ನೊಂದು ಕಾರಣ ಜೀವವಿಜ್ಞಾನದ್ದು. ಹದಿನೇಳರಲ್ಲಿ ಎಲ್ಲರ ದೇಹವೂ ಒಂದೇ ಹಂತದಲ್ಲಿ ಇರುವುದಿಲ್ಲ. ಬೇಗ ಬೆಳೆದವನು ಆ ದಿನಕ್ಕೆ ದೈತ್ಯನಾಗಿ ಕಾಣುತ್ತಾನೆ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಕೃಷಿ ಪ್ರದೇಶದ ಜೋಷ್ ಅಲೆನ್ ಪ್ರೌಢಶಾಲೆ ಮುಗಿಸಿದಾಗ ಯಾವ ದೊಡ್ಡ ವಿಶ್ವವಿದ್ಯಾಲಯವೂ ಅವನನ್ನು ಕರೆಯಲಿಲ್ಲ. ರೀಡ್ಲಿ ಎಂಬ ಸಮುದಾಯ ಕಾಲೇಜಿಗೆ ಸೇರಿ, ಅಲ್ಲಿಂದ ಹಲವು ತರಬೇತುದಾರರಿಗೆ ತಾನೇ ಪತ್ರ ಕಳಿಸಿ, ಕೊನೆಗೆ ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಜಾಗ ಪಡೆದ. ಶಾಲೆ ಬಿಟ್ಟ ಮೇಲೂ ಅವನ ಎತ್ತರ, ತೂಕ ಹೆಚ್ಚುತ್ತಲೇ ಹೋದವು. 2018ರಲ್ಲಿ ವೃತ್ತಿಪರ ಆಯ್ಕೆಯಲ್ಲಿ ಅವನಿಗೆ ಸಿಕ್ಕಿದ್ದು ಏಳನೆಯ ಸ್ಥಾನ. 2024ರ ಋತುವಿನಲ್ಲಿ ಆತ ವೃತ್ತಿಪರ ಲೀಗಿನ ಅತ್ಯಮೂಲ್ಯ ಆಟಗಾರ!

ಮೇಜಿನ ಪಕ್ಕದ ತಂದೆ ತಾಯಿ

ಈಗ ಒತ್ತಡ ಇನ್ನೂ ಹೆಚ್ಚಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಲೂ ದಾರಿಯಾಗಿದೆ. ಆಟದಿಂದ ಇಷ್ಟೊಂದು ವರಮಾನ ಬರುವಾಗ ಆಡುವವನಿಗೂ ಪಾಲು ಸಿಗುವುದು ನ್ಯಾಯವೇ. ಆದರೆ ‘ನಮ್ಮ ಕಾಲೇಜಿನ ಹುಡುಗ’ ಎಂಬ ಮಮತೆಯ ಜೊತೆಗೆ ‘ಕೊಟ್ಟ ಹಣಕ್ಕೆ ತಕ್ಕಂತೆ ಆಡಿದನೇ?’ ಎಂಬ ಲೆಕ್ಕಾಚಾರವೂ ಸೇರಿಕೊಂಡಿತು. ತಂಡ ಬದಲಿಸುವುದೂ 2021ರಿಂದ ಸುಲಭವಾಗಿದೆ. ಅಂಚಿನಲ್ಲಿ ನಿಂತು ಮೂರು ವರ್ಷ ಕಾಯುವ ತಾಳ್ಮೆ ಹುಡುಗನಿಗೂ ಕಷ್ಟ, ಅಭಿಮಾನಿಗೂ ಕಷ್ಟ. ಇಂದಿನ ಬ್ರೇಡಿ ಹಾರ್ಡನ್ ಅವರ ಕೊಠಡಿಯ ಬಾಗಿಲು ತಟ್ಟುವ ಮೊದಲೇ ಬೇರೆ ಊರಿಗೆ ಹೊರಟಿರುತ್ತಿದ್ದನೋ ಏನೋ!

ಅಭಿಮಾನಿಗಳನ್ನು ನಾನು ದೂರುವುದಿಲ್ಲ. ಹೊಸ ಹುಡುಗನಲ್ಲಿ ಅವರು ಕಾಣುವುದು ತಮ್ಮ ಆಸೆಯನ್ನು. ಆತ ಸೋತರೆ ಮುಂದಿನ ವರ್ಷಕ್ಕೆ ಇನ್ನೊಬ್ಬನಿದ್ದಾನೆ. ಆದರೆ ಟೋಪಿಯ ಮೇಜಿನ ಪಕ್ಕದಲ್ಲಿ ಕುಳಿತ ತಂದೆ ತಾಯಿಗೆ ಇನ್ನೊಬ್ಬ ಮಗ ಬರುವುದಿಲ್ಲ. ಅಭಿಮಾನಿಯಂತೆ ಅವರೂ ನಕ್ಷತ್ರ ಎಣಿಸತೊಡಗಿದರೆ ಹುಡುಗನಿಗೆ ಮನೆಯಲ್ಲಿಯೂ ಕ್ರೀಡಾಂಗಣವೇ.

ಪರೀಕ್ಷಾ ಫಲಿತಾಂಶದ ದಿನ ಶಾಲೆಯ ಸೂಚನಾ ಫಲಕದ ಮುಂದೆ ನಿಂತ ಪೋಷಕರನ್ನು ಬಹಳ ವರ್ಷಗಳಿಂದ ನೋಡುತ್ತ ಬಂದವನು ನಾನು. ಅಂಕ ಬೇಡವೆಂದು ಹೇಳಲಾರೆ; ಅಳತೆಯಿಲ್ಲದೆ ವಿಜ್ಞಾನವೇ ಇಲ್ಲ. ಆದರೆ ಥರ್ಮಾಮೀಟರ್ ತೋರಿಸುವುದು ಈ ಹೊತ್ತಿನ ಉಷ್ಣತೆಯನ್ನು ಮಾತ್ರ, ನಾಳೆಯದನ್ನಲ್ಲ. ಮಿಷಿಗನ್‌ನ ಆ ಹುಡುಗನಿಗೆ ಲಕ್ಷ ಜನ ಅಂಕ ಹಾಕುತ್ತಿದ್ದಾಗ, ಒಬ್ಬರು ಮಾತ್ರ ಅವನನ್ನು ಕೂರಿಸಿಕೊಂಡು ನಿನಗೆ ಸಿಕ್ಕ ಎರಡು ಸರದಿಯಲ್ಲಿ ಏನು ಮಾಡುತ್ತೀಯೆ ಎಂದು ವಿಚಾರಿಸಿದರು. ಫಲಿತಾಂಶ ಬಂದ ಸಂಜೆ ನಮ್ಮ ಮನೆಗಳಲ್ಲಿಯೂ ಆ ಕೆಲಸ ಮಾಡುವವರು ಒಬ್ಬರಿದ್ದರೆ ಸಾಕು.