ಮೇಲಿನ ಹೊಲದ ನೀರು, ಕೆಳಗಿನ ಹೊಲದ ಚಿಂತೆ

ನವನಗರದ ಮಕ್ಕಳಿಗೆ ನೀರೆಂದರೆ ಆಲಮಟ್ಟಿಯ ಹಿನ್ನೀರು. ಅಜ್ಜ-ಅಜ್ಜಿಯರು ಆಡಿದ ಹಳೆಯ ಬಾಗಲಕೋಟೆಯ ಓಣಿಗಳು ಆ ನೀರಿಗೆ ಹೋದವು. ಸೆಕ್ಟರುಗಳ ಈ ಊರು ಹುಟ್ಟಿತು. ಇಷ್ಟು ನೀರನ್ನು ಕಣ್ಣೆದುರು ಕಂಡವರಿಗೆ, ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 560 ಮಿಲಿಮೀಟರಿನ ಆಸುಪಾಸು ಎಂದರೆ ನಂಬುವುದು ಕಷ್ಟ.

ಆ ಮಳೆಯ ಬೆಲೆ ತಿಳಿಯಬೇಕೇ? ಒಂದು ರವಿವಾರ ಮಕ್ಕಳೊಡನೆ ಹುನಗುಂದದ ಎರಿ ಹೊಲಗಳಿಗೆ ಹೋಗಿಬನ್ನಿ. ಹೊಲದ ಅಂಚಿಗೆ ಮಣ್ಣಿನ ಒಡ್ಡು, ಅದರಲ್ಲೊಂದು ಕಡೆ ಕಲ್ಲು ಜೋಡಿಸಿದ ಕೋಡಿ. ಅದೇ ಗುಂಡಾವರ್ತಿ. ಹಳೆಯ ಈ ಪದ್ಧತಿಯನ್ನು ಹೊರಗಿನವರಿಗೆ ತೋರಿಸಿಕೊಟ್ಟವರಲ್ಲಿ ಹುನಗುಂದದ ಮಲ್ಲಣ್ಣ ನಾಗರಾಳರ ಹೆಸರು ದೊಡ್ಡದು. ಮಳೆನೀರು ಒಡ್ಡಿನ ಹಿಂದೆ ನಿಂತು ಇಂಗುತ್ತದೆ, ಹೊತ್ತು ತಂದ ಮಣ್ಣನ್ನು ಅಲ್ಲೇ ಬಿಡುತ್ತದೆ. ಹೆಚ್ಚಾದದ್ದಷ್ಟೇ ಕಲ್ಲಿನ ಮೇಲಿಂದ ಮೆಲ್ಲಗೆ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ ಹಿಂಗಾರಿ ಜೋಳಕ್ಕೆ ಆ ತೇವವೇ ಆಧಾರ. ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಇದನ್ನು 560ರಿಂದ ಗುಣಿಸುವ ಕೆಲಸ ವಿದ್ಯಾರ್ಥಿಗಳಿಗೇ ಇರಲಿ!

ಆದರೆ ಒಂದು ತೊಡಕಿದೆ. ಮೇಲಿನ ಹೊಲದವರು ಒಡ್ಡು ಹಾಕದಿದ್ದರೆ ಅವರ ನೀರೆಲ್ಲ ನುಗ್ಗಿ ನಿಮ್ಮ ಒಡ್ಡನ್ನು ಒಡೆಯುತ್ತದೆ. ನಿಮ್ಮದು ಒಡೆದರೆ ಕೆಳಗಿನವರ ಪಾಡು ಹೇಳಬೇಕಾಗಿಲ್ಲ. ಕೊಚ್ಚಿಹೋದ ಮಣ್ಣು ಹಳ್ಳ ಹಿಡಿದು ಕೃಷ್ಣೆಗೆ, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ. ದಿಬ್ಬದಿಂದ ಹಳ್ಳದವರೆಗೆ ಒಂದೇ ಕಡೆಗೆ ನೀರು ಹರಿಸುವ ನೆಲವನ್ನೆಲ್ಲ ಒಟ್ಟಾಗಿ ಜಲಾನಯನ ಎನ್ನುವುದು ಇದಕ್ಕೇ.

ಹಾಗಾಗಿ ಇದು ಸಂಘದ ಕೆಲಸ. ಕೇಂದ್ರ ಸರ್ಕಾರದ 2008ರ ಮಾರ್ಗಸೂಚಿಯು ಜಲಾನಯನ ಸಮಿತಿಯನ್ನು ಗ್ರಾಮಸಭೆಯೇ ರಚಿಸಬೇಕೆಂದಿತು. ಕನಿಷ್ಠ 10 ಸದಸ್ಯರು. ಅರ್ಧದಷ್ಟು ಜನ ಸ್ವಸಹಾಯ ಸಂಘ, ಬಳಕೆದಾರರ ಗುಂಪು, ಪರಿಶಿಷ್ಟರು, ಮಹಿಳೆಯರು, ಭೂರಹಿತರಿಂದ. ಎಂದರೆ, 'ನಮಗೆ ಹೊಲವೇ ಇಲ್ಲ' ಎಂಬ ನೆಪ ನಡೆಯದು. ಸ್ವಂತ ಜಮೀನಿನ ಕಾಮಗಾರಿಗೆ ಕನಿಷ್ಠ ಶೇ. 10 ವಂತಿಗೆ, ಸಣ್ಣ, ಅತಿಸಣ್ಣ ರೈತರಿಗೆ ಮತ್ತು ಪರಿಶಿಷ್ಟರಿಗೆ ಶೇ. 5. ಹಣವಿಲ್ಲದಿದ್ದರೆ ಶ್ರಮದಾನ. ಈ ವಂತಿಗೆ ಸರಿಯೆಂದೇ ನನ್ನ ಎಣಿಕೆ. ತನ್ನ ಬೆವರು ಬೀಳದ ಒಡ್ಡನ್ನು ರಿಪೇರಿ ಮಾಡುವವರು ಕಡಿಮೆ.

ಹದಿನೆಂಟು ತುಂಬದ ಮಕ್ಕಳೇನು ಮಾಡಬೇಕು? ನವನಗರದ ಎಷ್ಟೋ ಮನೆಗಳಿಗೆ ಹಳ್ಳಿಯ ನಂಟು ಉಳಿದಿದೆ. ರಜೆಗೆ ಹೋದಾಗ ಗ್ರಾಮಸಭೆ ಇದ್ದರೆ ಹಿರಿಯರ ಜೊತೆ ಹೋಗಿ ಕುಳಿತುಕೊಳ್ಳಿ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು, ಮಳೆ ನಿಂತ ಮೇಲೆ ಸ್ಕೇಲಿನಿಂದ ಅಳೆದು ದಿನಾಂಕದೊಂದಿಗೆ ಬರೆದಿಡಿ. ಸಮಿತಿಯವರಿಗೆ ಅದು ಬೇಕಾದ ಲೆಕ್ಕವೇ. ದೊಡ್ಡ ಮಳೆ ಬಿದ್ದ ಮರುದಿನ ಒಡ್ಡಿನುದ್ದಕ್ಕೂ ನಡೆದು, ಎಲ್ಲಿ ಕುಸಿದಿದೆ ನೋಡಿ ಹೇಳಿ. ಹಾಗೆಯೇ ಕೋಡಿಯಿಂದ ಇಳಿಯುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಡಿ. ಸಂಜೆಯ ಹೊತ್ತಿಗೆ ತಳದಲ್ಲಿ ಎಷ್ಟು ಮಣ್ಣು ಕೂತಿದೆ ನೋಡಿ. ಅದು ನಿಮ್ಮ ಹೊಲದ್ದು.