ದೋಣಿಗೆ ತೂತು ಬೇಡ, ಗುಳ್ಳೆಯೂ ಬೇಡ

ವೀಕೆಂಡ್ ಬಂತೆಂದರೆ ಉಡುಪಿ ಬಳಿಯ ಕೆಮ್ಮಣ್ಣಿನಲ್ಲಿ ಸ್ವರ್ಣಾ ನದಿಗೆ ಕಯಾಕ್ ಇಳಿಸಿ ಗಾಳ ಹಾಕೋದು ನನ್ನ ಹುಚ್ಚು. ಹೊಸ ಫಿಶ್ ಫೈಂಡರ್‌ನ ಸೆನ್ಸರ್, ಅಂದರೆ ಟ್ರಾನ್ಸ್‌ಡ್ಯೂಸರ್ ಕೂರಿಸಲು ಡ್ರಿಲ್ ಹಿಡಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡುತ್ತಿದ್ದ ಕಾಲದ ಅಪ್ಪ ತಡೆದರು: "ತೇಲುವ ದೋಣಿಗೆ ಯಾರಾದ್ರೂ ತೂತು ಕೊರೀತಾರಾ ಮಾರಾಯ?"

ನಿಜ, ತೂತು ಬೇಕಿಲ್ಲ. ಟ್ರಾನ್ಸ್‌ಡ್ಯೂಸರ್‌ನ ಶಬ್ದದ ಅಲೆ ಒಂದೇ ಪದರದ ಪ್ಲಾಸ್ಟಿಕ್ ತಳವನ್ನು ದಾಟುತ್ತೆ. ನೀರಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 3 ಮೀಟರ್ ಆಳಕ್ಕೆ ಹೋಗಿ ಬರಲು ಬರೀ 4 ಮಿಲಿಸೆಕೆಂಡ್ ಸಾಕು. ಆದರೆ ನಡುವೆ ಗಾಳಿ ಸಿಕ್ಕರೆ ಅಲೆ ಅಲ್ಲಿಂದಲೇ ವಾಪಸ್. ನನ್ನ ಮೊದಲ ಪ್ರಯತ್ನ ಕೆಟ್ಟಿದ್ದು ಹೀಗೇ. ಅಂಟಿನಲ್ಲಿ ಗುಳ್ಳೆ ಉಳಿದಿತ್ತು, ಸ್ಕ್ರೀನ್ ಖಾಲಿ. ಎಲ್ಲ ಕೆರೆದು ಮತ್ತೆ ಶುರು ಮಾಡಿದೆ.

ನೀವು ಅಂಟಿಸುವ ಮೊದಲೇ ಟೆಸ್ಟ್ ಮಾಡಿ. ಕಯಾಕ್ ನೀರಲ್ಲಿರುವಾಗ ಒಳಗಿನ ಸಮತಟ್ಟು ಜಾಗಕ್ಕೆ ಸ್ವಲ್ಪ ನೀರು ಸುರಿದು, ಟ್ರಾನ್ಸ್‌ಡ್ಯೂಸರ್ ಅದರಲ್ಲಿಟ್ಟು ಆಳ ನೋಡಿ. ಆಮೇಲೆ ಅದನ್ನೇ ಹೊರಗೆ ಇಳಿಬಿಟ್ಟು ನೋಡಿ. ಎರಡೂ ಹೊಂದಿದರೆ ಜಾಗ ಸರಿ. ಅಲ್ಲಿ ಒರೆಸಿ, ಒಣಗಿಸಿ, ಮರೀನ್ ಸೀಲಂಟ್ ಧಾರಾಳವಾಗಿ ಹಾಕಿ, ಮೆಲ್ಲಗೆ ತಿರುಗಿಸುತ್ತಾ ಒತ್ತಿ. ಪೂರ್ತಿ ಗಟ್ಟಿಯಾಗುವ ತನಕ ಮುಟ್ಟಬೇಡಿ.

ಎರಡು ವಿಷಯ ನೆನಪಿರಲಿ. ಒಳಗೆ ಕೂರಿಸಿದರೆ ಅದು ತೋರಿಸುವುದು ತಳದ ಉಷ್ಣತೆ, ನೀರಿನದ್ದಲ್ಲ. ಅಕ್ಕಪಕ್ಕ ನೋಡುವ ಸೈಡ್ ಇಮೇಜಿಂಗ್ ಬೇಕಿದ್ದರೆ ಟ್ರಾನ್ಸ್‌ಡ್ಯೂಸರ್ ಹೊರಗೇ ಇರಬೇಕು.

ಈಗ ಅಪ್ಪನೂ ಜೊತೆಗೆ ಬರ್ತಾರೆ. ಸ್ಕ್ರೀನ್ ತೋರಿಸೋ ಮೊದಲೇ ಆಳ ಹೇಳ್ತಾರೆ. ಹೆಚ್ಚಿನ ಸಲ ಸರಿ ಇರುತ್ತೆ!